ಅತ್ತೆ ಬಳಸಿ ನೋಡಿ ಕೊಟ್ಟದ್ದು

ನಮ್ಮ ಸೋದರತ್ತೆ ಯಾರಿಗಾದರೂ ಏನಾದರೂ ದಾನ ಕೊಟ್ಟಳೆಂದರೆ ಅದು ಸೆಕೆಂಡ್ ಹ್ಯಾಂಡ್ ಮಾಲು ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ವಸ್ತು ನಿನ್ನೆ ತಾನೇ ಅಂಗಡಿಯಿಂದ ಬಂದಿರಲಿ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಹೋಗಿರದಿರಲಿ, ಅದನ್ನು ಒಂದು ದಿನವಾದರೂ ತಾನು ಬಳಸದೆ ಆಕೆ ಕೈಬಿಟ್ಟದ್ದಿಲ್ಲ. ಜಿಪುಣತನ ಅಂದುಕೊಂಡಿರಾ? ಅಲ್ಲವೇ ಅಲ್ಲ! ಅದು ಕುತೂಹಲ. ಬಡವರಿಗೆ ಕೊಡುವ ವಸ್ತು ಬಡವರ ಕೈಗೆ ಹೋದ ಮೇಲೆ ಹೇಗೆ ವರ್ತಿಸುತ್ತದೆ ಎಂಬ ಕುತೂಹಲ. ಈ ಕುತೂಹಲದಿಂದ ದಾಂಡೇಲಿಯ ಒಂದು ಸೇವಾ ಕ್ಲಬ್ಬು ಪಟ್ಟ ಪಾಡು ಅಷ್ಟಿಷ್ಟಲ್ಲ.

ಕ್ಲಬ್ಬು ಕಟ್ಟಿದವರಲ್ಲಿ ಮಾಮಾ, ಅಂದರೆ ಅತ್ತೆಯ ಗಂಡ, ಮೊದಲಿಗರು. ಕಾಗದದ ಕಾರ್ಖಾನೆಯ ಆಫೀಸಿನಲ್ಲಿದ್ದು ನಿವೃತ್ತರಾದವರು. ಕಾಳಿ ಕಣಿವೆಯಲ್ಲಿ ಹಳಿಯಾಳದಿಂದ ಜೋಯಿಡಾದ ತನಕ, ಆ ಕಡೆ ಮುಂಡಗೋಡದ ಹಳ್ಳಿಗಳ ತನಕ, ಕ್ಲಬ್ಬಿನವರು ಏನಾದರೊಂದು ಕೊಡುತ್ತಲೇ ಇರುತ್ತಾರೆ. ಸಭೆಗಳು ಮಾಮಾನ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದವು, ಉಪ್ಪಿಟ್ಟು ಚಹಾ ಅತ್ತೆಯ ಅಡುಗೆಮನೆಯಿಂದ ಬರುತ್ತಿತ್ತು. ಒಂದು ದಿನ ಉಪ್ಪಿಟ್ಟಿನ ಜೊತೆಗೆ ಒಂದು ಪ್ರಶ್ನೆಯೂ ಬಂತು. "ಅಲ್ರೀ, ನೀವು ಕೊಡೂದನ್ನ ಯಾರರೆ ಒಮ್ಮೆ ಬಳಸಿ ನೋಡೀರೇನು?" ಈಕೆಯನ್ನೂ ಸದಸ್ಯಳನ್ನಾಗಿ ಮಾಡಿಕೊಂಡರೆ ಬಾಯಿ ಮುಚ್ಚುತ್ತಾಳೆ ಎಂದು ಮಾಡಿಕೊಂಡರು. ಪಾಪ!

ಅಂದಿನಿಂದ ಆಕೆ ಬಳಸಿ ನೋಡದ್ದಿಲ್ಲ. ಆದರೆ ಅಷ್ಟೆಲ್ಲ ಒಳಹೊಕ್ಕು ನೋಡಿದ ಅತ್ತೆಗೆ ಒಂದು ಮಾತ್ರ ಬಹಳ ದಿನ ಕೈಗೆ ಸಿಗಲಿಲ್ಲ, ಅದು ಸ್ವಂತ ಗಂಡನ ಕಿವಿ. ಮಾಮಾನಿಗೆ ವರ್ಷದಿಂದ ವರ್ಷಕ್ಕೆ ಕೇಳುವುದು ಕಡಿಮೆಯಾಗುತ್ತ ಬಂದಿತ್ತು, ಅವರ ತಂದೆಗೂ ಹಾಗೇ ಆಗಿತ್ತಂತೆ. ಅವರು ಮಾತ್ರ ಒಪ್ಪುತ್ತಿರಲಿಲ್ಲ. ಅವರನ್ನು ಒಪ್ಪಿಸುವುದೇ ಅತ್ತೆಯ ಜೀವನದ ದೊಡ್ಡ ಕೆಲಸವಾಗಿತ್ತು. ಅಲ್ಲಿಗೇ ಬರುತ್ತೇನೆ. ಆದರೆ ಅತ್ತೆ ಎಂಥವಳು ಎಂಬುದು ಗೊತ್ತಾಗದೆ ಆ ಕತೆ ಅರ್ಥವಾಗುವುದಿಲ್ಲ.

ನಾನು ಹಳಿಯಾಳದ ಹೈಸ್ಕೂಲಿನಲ್ಲಿ ಮಾಸ್ತರ. ರಜೆ ಬಂದರೆ ಬೈಕು ಹತ್ತಿ ದಾಂಡೇಲಿಗೆ ಹೋಗುತ್ತೇನೆ. ಹೋದ ಕೂಡಲೇ ಅತ್ತೆ ಬೈಕಿನ ಹಿಂದೆ ಹತ್ತಿ ಕೂರುತ್ತಾಳೆ. ಹಾಗಾಗಿ ಇದೆಲ್ಲಕ್ಕೂ ನಾನು ಕಣ್ಣಾರೆ ಸಾಕ್ಷಿ.

ಮೊದಲು ಬಂದದ್ದು ವ್ಹೀಲ್‌ಚೇರು. ಕ್ಲಬ್ಬಿನವರು ಹಳಿಯಾಳದ ಹತ್ತಿರದ ಹಳ್ಳಿಯೊಂದರಲ್ಲಿ ನಡೆಯಲಾಗದ ಒಬ್ಬರಿಗೆ ಕೊಡಲೆಂದು ತರಿಸಿದ್ದರು. ಅತ್ತೆ ಬೆಳಗಿನ ತಿಂಡಿ ಮುಗಿಸಿ ಅದರಲ್ಲಿ ಕೂತು ಪೇಟೆಗೆ ಹೊರಟುಬಿಟ್ಟಳು! ನಾನು ತಳ್ಳಲು ಹೋದರೆ ಗದರಿದಳು. ದಿನಾ ತಳ್ಳಲು ಅವರ ಮನೆಯಲ್ಲಿ ಮಾಸ್ತರ ಇರುತ್ತಾನೇನು ಎಂದು ಕೇಳಿದಳು. ತಾನೇ ಗಾಲಿ ತಿರುಗಿಸಿಕೊಂಡು ಕಿರಾಣಿ ಅಂಗಡಿ, ಪೋಸ್ಟಾಫೀಸು, ರೇಶನ್ ಅಂಗಡಿ ಎಲ್ಲ ಸುತ್ತಿದಳು. ದಾರಿಯಲ್ಲಿ ಕಂಡವರೆಲ್ಲ ನಿಂತರು. ಕೇಳಿದವರಿಗೆಲ್ಲ ಆಕೆ ಹೇಳಿದ ಮಾತು ಒಂದೇ: "ಹೆಂಗಿರತೈತಿ ನೋಡಾಕತ್ತೇನಿ." ಅದನ್ನು ಜನ ತಮತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. ಸಂಜೆಯ ಹೊತ್ತಿಗೆ ಧಾರವಾಡದಿಂದ ನನ್ನ ಚಿಕ್ಕಪ್ಪ ಚಿಕ್ಕಮ್ಮ ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ಅಳುತ್ತ ಬಂದಿಳಿದರು. ಅತ್ತೆ ಕುರ್ಚಿಯಿಂದ ಎದ್ದು ಅವರಿಗೆ ಚಹಾ ಮಾಡಲು ಒಳಗೆ ನಡೆದಳು. ಚಿಕ್ಕಮ್ಮನಿಗೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆದರೆ ಆ ದಿನ ಗೊತ್ತಾದದ್ದೇನು? ರೇಶನ್ ಅಂಗಡಿಗೆ ಮೆಟ್ಟಿಲಿದೆ. ಕುರ್ಚಿ ಮೆಟ್ಟಿಲ ತನಕ ಹೋಗುತ್ತದೆ, ಮುಂದೆ ಹೋಗುವುದಿಲ್ಲ. ಆ ಹಳ್ಳಿಯಲ್ಲೂ ಹಾಗೇ ಇದೆಯೋ ಎಂದು ನನ್ನ ಬೈಕಿನಲ್ಲಿ ಹೋಗಿ ನೋಡಿಕೊಂಡು ಬಂದಳು. ಹಾಗೇ ಇತ್ತು. ಕ್ಲಬ್ಬಿನವರು ಕುರ್ಚಿಯ ಜೊತೆಗೆ ಇಳಿಜಾರು ಕಟ್ಟಲು ಎರಡು ಬುಟ್ಟಿ ಸಿಮೆಂಟನ್ನೂ ಕೊಡಬೇಕಾಯಿತು.

ಆಮೇಲೆ ಜೋಯಿಡಾ ರಸ್ತೆಯಲ್ಲಿ ಬಸ್ ತಂಗುದಾಣ ಕಟ್ಟಿದರು. ಚಂದದ ತಂಗುದಾಣ. ಒಳಗೋಡೆಯ ಮೇಲಿನ ದಾನಿಗಳ ಹೆಸರು ಹೋಗಿ ಬರುವವರಿಗೆಲ್ಲ ಕಾಣಲಿ ಎಂದು ಇಡೀ ಬಾಯಿ ರಸ್ತೆಗೆ ತೆರೆದಿತ್ತು. ಅತ್ತೆ ಜಡಿಮಳೆ ಹಿಡಿಯುವ ತನಕ ಕಾದಳು. ಹಿಡಿದ ಮೇಲೆ ಕೊಡೆ ಮಡಚಿ ಬಗಲಲ್ಲಿಟ್ಟುಕೊಂಡು ಅದರೊಳಗೆ ಹೋಗಿ ಕೂತಳು. ನಮ್ಮ ಘಟ್ಟದ ಮಳೆ ಗೋವಾ ಕಡೆಯಿಂದ ಅಡ್ಡಲಾಗಿ ಬರುತ್ತದೆ, ತಂಗುದಾಣದ ಬಾಯಿಯೂ ಅದೇ ಕಡೆಗೆ! ಬಸ್ಸು ಬರುವ ಹೊತ್ತಿಗೆ ಅತ್ತೆ ಒದ್ದೆ ಅರಿವೆ ಹಿಂಡುವ ಹಾಗೆ ಸೆರಗು ಹಿಂಡಿಕೊಳ್ಳುತ್ತಿದ್ದಳು. ಹೊರಗೆ ಮರದ ಕೆಳಗೆ ನಿಂತ ಊರಿನವರು ಮಾತ್ರ ಬೆಚ್ಚಗಿದ್ದರು. ಅವರು ಆ ತಂಗುದಾಣದಲ್ಲಿ ಹುಲ್ಲು ಒಟ್ಟುತ್ತಿದ್ದರಂತೆ, ಅದೂ ಮಳೆ ನಿಂತ ಮೇಲೆ.

ಅತ್ತೆ ಜ್ವರ ಹಿಡಿದು ಮಲಗಿದಲ್ಲಿಂದಲೇ ವರದಿ ಒಪ್ಪಿಸಿದಳು. ಅಡ್ಡಗೋಡೆ ಕಟ್ಟಿದರೆ ದಾನಿಗಳ ಹೆಸರು ಮುಚ್ಚಿಹೋಗುತ್ತದೆಂದು ಸಭೆಯಲ್ಲಿ ದೊಡ್ಡ ಚರ್ಚೆಯಾಯಿತು. ಕೊನೆಗೆ ಗೋಡೆ ಕಟ್ಟಿ ಹೆಸರನ್ನು ಒಳಗೇ ಬಿಟ್ಟರು. ಈಗ ಬಸ್ಸು ತಡವಾದಷ್ಟೂ ಜನ ದಾನಿಗಳ ಹೆಸರನ್ನು ಹೆಚ್ಚು ಹೊತ್ತು ಓದುತ್ತಾರೆ. ದಾನಿಗಳಿಗೆ ಲಾಭವೇ ಆಯಿತಲ್ಲ!

ಮುಂಡಗೋಡದ ಕಡೆಯ ಶಾಲೆಯ ಕತೆಯನ್ನು ಹೇಳಬಾರದೆಂದಿದ್ದೆ. ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಅಲ್ಲಿ ಹೆಣ್ಣುಮಕ್ಕಳಿಗೆಂದು ಕಟ್ಟಿಸಿದ ಶೌಚಾಲಯದ ಉದ್ಘಾಟನೆ. ಮುಖ್ಯ ಅತಿಥಿಗಳು ಬಂದರು, ಹಾರ ಆಯಿತು, ಶಾಲು ಆಯಿತು, ಭಾಷಣ ಆಯಿತು. ಅತಿಥಿಗಳು ಕತ್ತರಿ ಹಿಡಿದು ರಿಬ್ಬನ್ನು ಕತ್ತರಿಸಿ, ಚಪ್ಪಾಳೆಯ ನಡುವೆ ಬಾಗಿಲು ದೂಡಿದರೆ ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ದೂಡಿದರು. ಒಳಗಿನಿಂದ ದನಿ ಬಂತು. "ಸ್ವಲ್ಪ ತಡೀರಿ, ನೀರು ಬರತೈತೇನು ನೋಡಾಕತ್ತೇನಿ."

ನೀರು ಬರುತ್ತಿರಲಿಲ್ಲ. ಟಾಕಿಗೆ ಪೈಪು ಜೋಡಿಸುವುದನ್ನೇ ಮರೆತಿದ್ದರು. ಅತ್ತೆ ಹೊರಗೆ ಬಂದು ಅತಿಥಿಗಳಿಗೆ ನಮಸ್ಕಾರ ಮಾಡಿ ಹಾಗೆಂದು ಹೇಳಿದಳು. ಆ ಅತಿಥಿಗಳು ಮತ್ತೆ ನಮ್ಮ ಕ್ಲಬ್ಬಿನ ಯಾವ ಕಾರ್ಯಕ್ರಮಕ್ಕೂ ಬಂದಿಲ್ಲ. ಪೈಪು ಮಾತ್ರ ಅದೇ ವಾರ ಬಂತು.

ಇನ್ನು ಮಾಮಾನ ಕಿವಿ. ಮನೆಯಲ್ಲಿ ಯಾರಾದರೂ ಮಾತೆತ್ತಿದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು: "ನನ್ನ ಕಿವಿ ಚಲೋನ ಅದಾವ, ನೀವ ಎಲ್ಲಾರೂ ಬಾಯೊಳಗನ ಗುಣುಗುಣು ಅಂತೀರಿ." ಬೆಳಗಾವಿಯಲ್ಲಿರುವ ಮಗಳು ಫೋನು ಮಾಡಿದರೆ ತಾವು ಎತ್ತುತ್ತಿರಲಿಲ್ಲ, ಅತ್ತೆಯ ಕೈಗೆ ಕೊಟ್ಟು ಅಂಗಳಕ್ಕೆ ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಮಳೆಗಾಲದಲ್ಲೂ ಹಾಕುತ್ತಿದ್ದರು! ಸಭೆಯಲ್ಲಿ ಎಲ್ಲದಕ್ಕೂ ತಲೆಯಾಡಿಸಿ ನಗುತ್ತಿದ್ದರು. ಹಾಗಾಗಿ ಕ್ಲಬ್ಬಿನಲ್ಲಿ ಅವರಷ್ಟು ಸೌಮ್ಯ ಸ್ವಭಾವದವರು ಇನ್ನೊಬ್ಬರಿಲ್ಲ ಎಂದು ಹೆಸರಾಯಿತು. ಅತ್ತೆಯ ದನಿ ಮಾತ್ರ ಏರುತ್ತ ಹೋಯಿತು. ಕೊನೆಗೆ ಅವರ ಮನೆಯಲ್ಲಿ ಇವತ್ತು ಯಾವ ಪಲ್ಯ ಎಂಬುದು ಓಣಿಯ ಕೊನೆಯ ಮನೆಗೂ ಗೊತ್ತಾಗತೊಡಗಿತು.

ಹೀಗಿರುವಾಗ ಜೋಯಿಡಾದಲ್ಲಿ ಕಿವಿಯ ಮಷಿನ್ನು ಹಂಚುವ ಶಿಬಿರ ಮಾಡುವುದೆಂದು ಕ್ಲಬ್ಬು ನಿಶ್ಚಯಿಸಿತು. ಅತ್ತೆಗೆ ಹುರುಪೋ ಹುರುಪು. ಮಾಮಾನಿಗೂ ಒಂದು ಹಾಕಿಸಿಬಿಡೋಣ ಎಂದಳು. ಮಾಮಾ ಮೊದಲ ಸಲ ಗಟ್ಟಿಯಾಗಿ ಮಾತಾಡಿದ್ದು ಆಗ. "ಇಷ್ಟು ವರ್ಷ ಫೋಟೋದಾಗ ಈ ಕಡೆ ನಿಂತೇನಿ. ಆ ಕಡೆ ನಿಂದರೂದಿಲ್ಲ."

ಇದು ಹೊರಗಿನವರಿಗೆ ತಿಳಿಯುವುದಿಲ್ಲ, ಸ್ವಲ್ಪ ಬಿಡಿಸಿ ಹೇಳಬೇಕು. ಕ್ಲಬ್ಬಿನಲ್ಲಿ ಏನೇ ಕೊಡಲಿ, ಕೊಡುವವರು ಒಂದು ತುದಿ, ತೆಗೆದುಕೊಳ್ಳುವವರು ಇನ್ನೊಂದು ತುದಿ ಹಿಡಿದು ಇಬ್ಬರೂ ಕ್ಯಾಮೆರಾ ನೋಡಬೇಕು. ಫೋಟೋ ಆಗುವ ತನಕ ಕೊಡುವವರು ಬಿಡುವಂತಿಲ್ಲ, ತೆಗೆದುಕೊಳ್ಳುವವರು ಎಳೆಯುವಂತಿಲ್ಲ. ಮಾಮಾ ಅಂಥ ನೂರಾರು ಫೋಟೋಗಳಲ್ಲಿ ಕೊಡುವ ಕಡೆ ನಿಂತವರು. ಅಂಗಡಿಯಲ್ಲಿ ಕೊಂಡು ತರೋಣವೆಂದರೆ, ಕೆಡದ ಕಿವಿಗೆ ಮಷಿನ್ನು ಯಾಕೆ ಎನ್ನುತ್ತಿದ್ದರು. ಎರಡೂ ದಾರಿ ಬಂದ್!

ಅತ್ತೆ ತನ್ನ ಪದ್ಧತಿಯಂತೆ ಒಂದು ಮಷಿನ್ನು ಹಾಕಿಕೊಂಡು ನೋಡಲು ಹೋದಳು. ಶಿಬಿರದ ತಯಾರಿಗೆಂದು ಹುಬ್ಬಳ್ಳಿಯಿಂದ ಬಂದಿದ್ದ ಡಾಕ್ಟರ ಹುಡುಗಿ ಬಿಡಲಿಲ್ಲ. ಚೆನ್ನಾಗಿ ಕೇಳುವ ಕಿವಿಗೆ ಅದನ್ನು ಹಾಕಬಾರದೆಂದು ಕಸಿದುಕೊಂಡಳು. ಬಳಸಿ ನೋಡದ ವಸ್ತುವನ್ನು ಕೊಡುವುದು ಹೇಗೆ? ಅತ್ತೆ ಎರಡು ದಿನ ಊಟ ಸೇರದೆ ಓಡಾಡಿದಳು. ಆಮೇಲೆ ಆಕೆಗೆ ಹೊಳೆಯಿತು. ಮಷಿನ್ನು ಹೇಗಿರುತ್ತದೆ ಎಂದು ನೋಡಲಾಗದಿದ್ದರೆ ಬೇಡ, ಕಿವುಡು ಹೇಗಿರುತ್ತದೆ ಎಂದು ನೋಡಬಹುದಲ್ಲ!

ಆ ಭಾನುವಾರ ಎರಡೂ ಕಿವಿಗೆ ಅರಳೆ ತುರುಕಿ, ಮೇಲೆ ಸ್ಕಾರ್ಫು ಕಟ್ಟಿಕೊಂಡಳು. ಕುಕ್ಕರು ಎಷ್ಟು ಕೂಗಿತೋ ಆಕೆಗೆ ಗೊತ್ತಾಗಲಿಲ್ಲ, ಬ್ಯಾಳಿ ಸೀದುಹೋಯಿತು. ಹಾಲಿನವನು ಬಾಗಿಲಲ್ಲಿ ಕೂಗಿ ಕೂಗಿ ಹೊರಟುಹೋದ. ನಾವು ಮಕ್ಕಳು ಮರಿಯೆಲ್ಲ ಅಂದು ಅಲ್ಲಿಗೇ ಊಟಕ್ಕೆ ಸೇರಿದ್ದೆವು. ಅತ್ತೆಯ ಅವತಾರ ನೋಡಿ ನಕ್ಕಿದ್ದೇ ನಕ್ಕಿದ್ದು. ಆಕೆ ಮಾತ್ರ ಊಟದ ನಡುವೆ ತಟ್ಟೆ ಬಿಟ್ಟು ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಅರಳೆ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ನೀವೆಲ್ಲ ನಗೂ ಮುಂದ ನನಗ ಯಾಕಂತ ತಿಳೀಲಿಲ್ಲೋ. ಅವರ ಕಡೆ ನೋಡಿದ್ನಿ. ಅವರು ಮೊದಲ ಎಲ್ಲಾರ ಮಾರಿ ನೋಡ್ತಾರ, ಆಮ್ಯಾಲ ನಗ್ತಾರ. ಇಷ್ಟು ವರ್ಷ ಬಾಜೂಕ ಕುಂತು ಉಂಡೇನಿ, ನನಗ ಕಂಡಿರಲಿಲ್ಲ."

ನನಗೂ ಕಂಡಿರಲಿಲ್ಲ. ಮತ್ತೆ ಹೋಗಿ ಕೂತೆ, ಮಾಮಾನನ್ನೇ ನೋಡಿದೆ. ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ಮಾಮಾನ ಕಣ್ಣು ನಮ್ಮ ಮುಖಗಳ ಮೇಲೆ ಒಂದು ಸುತ್ತು ಹೋಗಿ ಬಂತು, ಆಮೇಲೆ ಅವರೂ ನಕ್ಕರು.

ಮುಂದಿನ ಸಭೆಯಲ್ಲಿ ಅತ್ತೆ ಈ ಶಿಬಿರದಲ್ಲಿ ಫೋಟೋ ಬೇಡ ಎಂದು ಪಟ್ಟು ಹಿಡಿದಳು. ಫೋಟೋ ಇಲ್ಲದ ಸೇವೆಯೇ? ಸದಸ್ಯರಿಗೆ ದಿಕ್ಕು ತೋಚಲಿಲ್ಲ. ಫೋಟೋ ತೆಗೆಯದಿದ್ದರೆ ಶಿಬಿರ ನಡೆದಿದೆ ಎಂದು ತಮಗೇ ಹೇಗೆ ಗೊತ್ತಾಗಬೇಕು ಎಂದೂ ಒಬ್ಬರು ಕೇಳಿದರು. ಶೌಚಾಲಯದ ಬಾಗಿಲನ್ನು ನೆನಪಿಸಿದ ಮೇಲೆ ಒಪ್ಪಿದರು. ಮಾಮಾ ಎಂದಿನಂತೆ ತಲೆಯಾಡಿಸಿ ನಕ್ಕರು.

ಶಿಬಿರದ ದಿನ ಜೋಯಿಡಾದ ಸಭಾಭವನ ತುಂಬಿತ್ತು. ಕಾಡಿನ ಹಳ್ಳಿಗಳಿಂದ ಮುದುಕ ಮುದುಕಿಯರು ಬಂದು ಸಾಲು ಕುರ್ಚಿಗಳಲ್ಲಿ ಕೂತಿದ್ದರು. ಮಾಮಾ ವೇದಿಕೆಯ ಮೇಲೆ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು. ಫೋಟೋ ಇಲ್ಲದಿದ್ದರೂ ಅವರು ವೇದಿಕೆ ಬಿಟ್ಟು ಇಳಿಯುವ ಲಕ್ಷಣ ಇರಲಿಲ್ಲ. ಆಗ ಅತ್ತೆ ಸಾಲಿನ ಮುಂದಿನ ಎರಡು ಕುರ್ಚಿ ಹಿಡಿದಳು. ಒಂದರಲ್ಲಿ ಚೀಲ ಇಟ್ಟಳು, ಇನ್ನೊಂದರಲ್ಲಿ ತಾನು ಕೂತಳು. ಕಿವಿಗೆ ಅರಳೆ ತುರುಕಿಕೊಂಡಳು.

ಮಾಮಾನಿಗೆ ಮುಜುಗರವಾಯಿತು. ಇಳಿದು ಬಂದು ಬಾಗಿ, ಎದ್ದು ಬಾ, ಮಂದಿ ನೋಡಾಕತ್ತಾರ ಎಂದರು. ಅತ್ತೆ ಅವರ ಮುಖ ನೋಡಿ ನಕ್ಕು ತಲೆಯಾಡಿಸಿದಳು. ಮಾಮಾ ಸ್ವಲ್ಪ ಜೋರಾಗಿ ಹೇಳಿದರು. ಅತ್ತೆ ಮತ್ತೆ ನಕ್ಕು ತಲೆಯಾಡಿಸಿದಳು. ಮಾಮಾನ ಸಿಟ್ಟು ನೆತ್ತಿಗೇರಿತು. "ಎದ್ದ ಬಾ ಅಂದ್ನೆಲ್ಲಾ, ಕೇಳ್ಸೂದಿಲ್ಲೇನ ನಿನಗ!"

ಭವನಕ್ಕೆ ಭವನವೇ ತಿರುಗಿ ನೋಡಿತು. ಅತ್ತೆ ಇನ್ನೂ ನಗುತ್ತಲೇ ಇದ್ದಳು. ಆದರೆ ಮಾಮಾ ನಗಲಿಲ್ಲ. ಬಹಳ ಹೊತ್ತು ಆಕೆಯ ನಗುವನ್ನೇ ನೋಡುತ್ತ ನಿಂತರು. ಆ ನಗುವಿನ ಗುರುತು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಹತ್ತೀತು? ಪಕ್ಕದ ಕುರ್ಚಿಯ ಮೇಲಿನ ಚೀಲ ಎತ್ತಿ ಕೆಳಗಿಟ್ಟು ಮೆಲ್ಲಗೆ ಕೂತರು. ಸರದಿ ಬಂದಾಗ ಡಾಕ್ಟರ ಹುಡುಗಿಗೆ, "ನಂದೂ ಒಂದೀಟ ನೋಡವಾ" ಎಂದರು.

ಮರಳುವಾಗ ಜೀಪಿನಲ್ಲಿ ಮಾಮಾ ಮುಂದೆ, ಡ್ರೈವರನ ಪಕ್ಕ. ಅತ್ತೆ ಮತ್ತು ನಾನು ಹಿಂದೆ. ಮಾಮಾ ಹೊಸ ಮಷಿನ್ನು ಕೂತ ಕಿವಿಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಸೂಪಾ ಅಣೆಕಟ್ಟು ದಾಟುವ ಹೊತ್ತಿಗೆ ಅತ್ತೆ ಕಿಟಕಿಯ ಕಡೆ ತಿರುಗಿ, ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಳುತ್ತಿದ್ದಾಳೆಂದು ಪಕ್ಕದಲ್ಲೇ ಇದ್ದ ನನಗೂ ತಡವಾಗಿ ಗೊತ್ತಾಯಿತು.

ಮಾಮಾ ಹಿಂದೆ ತಿರುಗಲಿಲ್ಲ. ರಸ್ತೆಯನ್ನೇ ನೋಡುತ್ತ ಹೇಳಿದರು.

"ಅಳಬ್ಯಾಡ. ಕೇಳಸ್ತೈತಿ ನನಗ."