ಕುರ್ಚಿ ತೆಗೆಯಲು ಹೊರಟ ನಾವು

ಈ ದೇಶದಲ್ಲಿ ನಮಗೆ ಓಟು ಹಾಕುವ ಕೆಲಸವಿಲ್ಲ. ಊರಿನ ಓಟಿಗೆ ಹೋಗೋಣವೆಂದರೆ ಕಂಪನಿ ರಜೆ ಕೊಡುವುದಿಲ್ಲ. ಹಾಗಾಗಿ ನಮ್ಮೊಳಗಿನ ರಾಜಕೀಯದ ಚಪಲವನ್ನೆಲ್ಲ ನಾವು ದುಬೈ, ಅಬುಧಾಬಿಯ ನಮ್ಮ ಪುಟ್ಟ ಕನ್ನಡ ಬಳಗದ ಮೇಲೆಯೇ ತೀರಿಸಿಕೊಳ್ಳುತ್ತೇವೆ. ವರ್ಷಕ್ಕೊಂದು ಪ್ರಸಂಗ ಆಗಿಯೇ ಆಗುತ್ತದೆ. ಕಳೆದ ಸಲ ಮಾತ್ರ ಒಂದೇ ವರ್ಷದಲ್ಲಿ ಸಾಲುಸಾಲಾಗಿ ಆದವು.

ದೀಪ ಆರಿದ್ದು

ಎಲ್ಲ ಶುರುವಾದದ್ದು ಅದರ ಹಿಂದಿನ ವರ್ಷದ ವಾರ್ಷಿಕೋತ್ಸವದಲ್ಲಿ. ನಮ್ಮ ವೇದಿಕೆಯ ಮೇಲೆ ಯಾವಾಗಲೂ ಕುರ್ಚಿಗಳದ್ದೇ ದರ್ಬಾರು. ಹಿರಿಯರು, ಹಿರಿಯರ ಗೆಳೆಯರು, ಬ್ಯಾನರ್ ಹಾಕಿಸಿದವರು, ಬ್ಯಾನರ್ ಕಟ್ಟಿದವರು, ಎಲ್ಲರಿಗೂ ಒಂದೊಂದು ಕುರ್ಚಿ. ಪ್ರತಿಯೊಬ್ಬರಿಗೂ ಮೈಸೂರು ಪೇಟ, ಶಾಲು, ಆಮೇಲೆ ಅವರಿಂದ ಎರಡು ಮಾತು. ಈ ಎರಡು ಮಾತು ಎಷ್ಟು ಉದ್ದ ಇರುತ್ತದೆಂದು ನಿಮಗೆ ಗೊತ್ತೇ ಇದೆ.

ಮಕ್ಕಳ ನಾಟಕ ಕೊನೆಗಿತ್ತು. ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಮಂಗಳೂರು ಕಡೆಯ ಒಬ್ಬ ನರ್ಸ್ ಇದ್ದಾರೆ. ಕೊಂಕಣಿಯಲ್ಲಿ ಅಕ್ಕ ಎನ್ನುವ ಹಾಗೆ ಅವರನ್ನು ನಾವೆಲ್ಲ ನರ್ಸ್ ಬಾಯಿ ಅಂತಲೇ ಕರೆಯುವುದು. ಮನೆಯಲ್ಲಿ ಕೊಂಕಣಿ, ಆಸ್ಪತ್ರೆಯಲ್ಲಿ ಇಂಗ್ಲಿಷ್, ಆದರೂ ಡ್ಯೂಟಿ ಇಲ್ಲದ ದಿನ ತಮ್ಮ ಫ್ಲ್ಯಾಟಿನಲ್ಲಿ ಮಕ್ಕಳನ್ನು ಕೂರಿಸಿ ಕನ್ನಡ ಕಲಿಸುತ್ತಾರೆ. ಆ ನಾಟಕ ಅವರದು. ಹಿರಿಯರು ಕುರ್ಚಿ ಬಿಟ್ಟೇಳದ ಕಾರಣ ಮಕ್ಕಳಿಗೆ ಸಿಕ್ಕಿದ್ದು ಮುಂದಿನ ಒಂದು ಮಾರು ಜಾಗ. ರಾಣಿಯ ವೇಷದ ಹುಡುಗಿ ಮುಂದೆ ಬಂದು, ಕೈ ಎತ್ತಿ, ಬಾಯಿ ತೆರೆದಳು. ಅಷ್ಟರಲ್ಲಿ ಹಾಲ್‌ನ ಸಮಯ ಮುಗಿಯಿತು. ವಾಚ್‌ಮನ್ "ಖಲಾಸ್" ಎಂದು ಲೈಟು ಆರಿಸಿಬಿಟ್ಟ.

ಕತ್ತಲಲ್ಲಿ ಆ ಮಗು ಬಿಕ್ಕಿದ್ದು ಈಗಲೂ ನೆನಪಿದೆ. ಅದೇ ಕತ್ತಲಲ್ಲಿ, ಹಿಂದಿನ ಒಂದು ಕುರ್ಚಿಯಿಂದ, ಇನ್ನೊಂದು ದನಿಯೂ ಕೇಳಿಸಿತು: "ಕೊನೆಯದಾಗಿ ಒಂದು ವಿಷಯ ಹೇಳಿ ಮುಗಿಸ್ತೇನೆ."

ನನ್ನ ಕಾರಿನ ಮತಗಳು

ಮುಂದಿನ ವರ್ಷ ವೇದಿಕೆಯ ಮೇಲೆ ಕುರ್ಚಿಯೇ ಇರಬಾರದು, ನಾಟಕ ಪೂರ್ತಿ ಆಗಬೇಕು, ಅದಕ್ಕೆ ಬರುವ ಚುನಾವಣೆಯಲ್ಲಿ ನಮ್ಮವರೇ ಬಳಗದ ಅಧ್ಯಕ್ಷರಾಗಬೇಕು ಎಂದು ನಾವು ಕೆಲವರು ಪಣ ತೊಟ್ಟೆವು. ಉಳಿದವರು ನಮ್ಮನ್ನು ತಮಾಷೆಗೆ 'ಸುಧಾರಕರು' ಎಂದರು. ನಾವು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆವು.

ಅಷ್ಟರಲ್ಲಿ ವಿಲ್ಲಾ ಮಾರುವ ಕೆಲಸದ ಒಬ್ಬ ತರುಣ ತಾನೂ ಅಧ್ಯಕ್ಷಗಿರಿಗೆ ನಿಲ್ಲುತ್ತೇನೆಂದ. ಅವನ ಯೋಜನೆಯಲ್ಲಿ ಹಾಲೂ ಇಲ್ಲ, ನಾಟಕವೂ ಇಲ್ಲ. ಮರುಭೂಮಿಯ ರೆಸಾರ್ಟು, ಡಿಜೆ, ಬೆಲ್ಲಿ ಡ್ಯಾನ್ಸು. ಅವನೆದುರು ಇಬ್ಬರು ನಿಂತರೆ ಮತ ಒಡೆಯುತ್ತದೆಂದು ಉಳಿದವರೆಲ್ಲ ಸೇರಿ, ಮೊದಲು ನಮ್ಮೊಳಗೇ ಒಬ್ಬರನ್ನು ಆರಿಸೋಣ ಎಂದಾಯಿತು. ಒಂದು ಕಡೆ ನಮ್ಮ ನರ್ಸ್ ಬಾಯಿ. ಇನ್ನೊಂದು ಕಡೆ ದುಬೈಯ ಕರಾಮದಲ್ಲಿ ಹೋಟೆಲ್ ನಡೆಸುವ ಹಿರಿಯರು, ನಮ್ಮೆಲ್ಲರ ಹೋಟೆಲಣ್ಣ. ಕುರ್ಚಿ ಸಂಪ್ರದಾಯದ ಮೂಲಪುರುಷ ಅವರೇ, ಕತ್ತಲಲ್ಲಿ ಮಾತು ಮುಂದುವರಿಸಿದವರೂ ಅವರೇ.

ನರ್ಸ್ ಬಾಯಿಯ ಬೆಂಬಲಿಗರಲ್ಲಿ ಅರ್ಧ ಜನ ನರ್ಸುಗಳು, ಅವರಿಗೆ ಈ ಮೊದಲ ಸುತ್ತಿನ ಮತದ ದಿನವೇ ಡ್ಯೂಟಿ. ನಾನು ಹುರುಪಿನಿಂದ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಗೋದಾಮಿನ ಸಹೋದ್ಯೋಗಿಗಳನ್ನು ಕಾರು ತುಂಬಾ ತುಂಬಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಸುಧಾರಣೆಯ ಬಗ್ಗೆ ಕೊರೆದೆ. ಎಲ್ಲರೂ ತಲೆಯಾಡಿಸಿದರು. ನರ್ಸ್ ಬಾಯಿ ಸೋತರು. ಸೋತ ಅಂತರ ಸುಮಾರಾಗಿ ನನ್ನ ಕಾರಿನ ಸೀಟುಗಳಷ್ಟೇ ಇತ್ತು.

ವಾಪಸು ಹೋಗುವಾಗ ಕೇಳಿಯೇಬಿಟ್ಟೆ. ಹಿಂದಿನ ಸೀಟಿನವರು ಮುಜುಗರದಿಂದ ಹೇಳಿದರು: "ಬಾಯಿದು ವಿಚಾರ ಒಳ್ಳೇದೇ ಮಾರಾಯ್ರೆ. ಆದ್ರೆ ಹೆಂಡತಿ ಮಕ್ಕಳು ಊರಿಗೆ ಹೋದಾಗ ರೂಮಿಗೆ ಮೀನು ಸಾರು ಕಳಿಸಿದ್ದು ಅಣ್ಣ. ವಿಚಾರವನ್ನು ಅನ್ನಕ್ಕೆ ಕಲಸಿ ಉಣ್ಲಿಕ್ಕೆ ಆಗ್ತದಾ?"

ಸೋತವರ ಸಭೆ

ಸೋತ ಮೇಲೆ ಏನು ಮಾಡುವುದೆಂದು ಸಭೆ ಸೇರಬೇಕಿತ್ತು. ಹೆಚ್ಚಿನವರಿಗೆ ಮೆಟ್ರೋದಿಂದ ನಡೆದು ಬರುವಷ್ಟು ಹತ್ತಿರ, ಗಲಾಟೆ ಮಾಡಿದರೂ ಬೈಯದ ಜಾಗ ಕರಾಮದಲ್ಲಿ ಒಂದೇ: ಹೋಟೆಲಣ್ಣನ ಹೋಟೆಲಿನ ಮಹಡಿಯ ಫ್ಯಾಮಿಲಿ ರೂಮು. ಅಲ್ಲೇ ಸೇರಿದೆವು. ನಮ್ಮ ತಿಂಡಿಯನ್ನು ಬಡಿಸಲು ಸ್ವತಃ ಅವರೇ ಬಂದರು.

ನಮ್ಮಲ್ಲಿ ಅತಿ ಬಿಸಿಯಾಗಿದ್ದವರು ಮೈಸೂರಿನ ಒಬ್ಬ ಸಾಫ್ಟ್‌ವೇರ್ ಮಿತ್ರ. "ನಾನು ಈ ಸಲ ಓಟೇ ಹಾಕಲ್ಲ ಕಣ್ರೀ. ಕೆಟ್ಟದ್ದು, ಕಡಿಮೆ ಕೆಟ್ಟದ್ದು ಅಂತ ಆರಿಸ್ಕೊಳ್ಳೋಕೆ ನಾನೇನು ತರಕಾರಿ ಅಂಗಡೀಲಿ ನಿಂತಿದ್ದೀನಾ?" ಎಂದರು.

ನರ್ಸ್ ಬಾಯಿ ಮೆಲ್ಲಗೆ ಕೇಳಿದರು: "ನೀವು ಮನೆಯಲ್ಲಿ ಕೂತ್ರೆ ವಿಲ್ಲಾದವ ಗೆಲ್ತಾನೆ. ಅವನು ಗೆದ್ರೆ ನಾಟಕ ಇಲ್ಲವೇ ಇಲ್ಲ. ಆ ಹುಡುಗಿ ಈಗಲೂ ಮಾತುಗಳನ್ನು ಬಾಯಿಪಾಠ ಹೇಳ್ತಾಳೆ. ಅವಳಿಗೆ ನಾನು ಎಂತ ಹೇಳ್ಲಿ?"

ಮೈಸೂರು ಮಿತ್ರ ಮಾತು ತಿರುಗಿಸಿ ಹೋಟೆಲಣ್ಣನ ಅಪರಾಧಗಳನ್ನು ಬೆರಳು ಮಡಚಿ ಎಣಿಸತೊಡಗಿದರು. ಮೂರಕ್ಕೆ ನಿಲ್ಲಿಸಿದಾಗ, ಚಟ್ನಿ ಬಡಿಸುತ್ತಿದ್ದ ಹೋಟೆಲಣ್ಣ ಹೇಳಿದರು: "ಒಂದು ಬಿಟ್ಟುಹೋಯ್ತು. ಹೋದ ವರ್ಷ ನಾನು ಸ್ವಾಗತ ಭಾಷಣ ಎರಡು ಸಲ ಮಾಡಿದ್ದೆ."

ಕುರ್ಚಿಗಳ ಚೌಕಾಸಿ

ಒಪ್ಪಂದದ ಮಾತುಕತೆ ಖಾಲಿದಿಯಾದಲ್ಲಿ, ನರ್ಸ್ ಬಾಯಿಯ ಮನೆಯಲ್ಲಿ. ಹೋಟೆಲಣ್ಣನಿಗೆ ನಮ್ಮ ಮತ ಬೇಕು, ನಮಗೆ ವೇದಿಕೆ ಬೇಕು. ಅವರು ಬರುವಾಗ ಮಕ್ಕಳಿಗೆಂದು ಗೋಳಿಬಜೆಯ ದೊಡ್ಡ ಪೊಟ್ಟಣ ತಂದಿದ್ದರು. ಜಗಳ ಆಡಲು ಬಂದವರು ಹಾಗೆ ಮಾಡಬಾರದು. ನಮ್ಮ ಅರ್ಧ ಸಿಟ್ಟು ಅಲ್ಲಿಯೇ ಇಳಿಯಿತು.

"ಕುರ್ಚಿ ಒಂದೂ ಕಡಿಮೆ ಮಾಡ್ಲಿಕ್ಕೆ ಆಗುದಿಲ್ಲ. ಎಲ್ಲರಿಗೂ ಮಾತು ಕೊಟ್ಟಾಗಿದೆ. ಯಾರನ್ನು ಇಳಿಸ್ಲಿ?" ಎಂದರು ಹೋಟೆಲಣ್ಣ.

"ಅರ್ಧ ಮಾಡಿ," ಎಂದೆ ನಾನು.

"ಅರ್ಧ ಕುರ್ಚಿಯಲ್ಲಿ ಹೇಗೆ ಕೂರುದು?"

ನರ್ಸ್ ಬಾಯಿ ನಡುವೆ ಬಂದರು. "ಕುರ್ಚಿ ಎಲ್ಲ ಇರಲಿ. ಪೇಟ, ಶಾಲು ಕೂಡ ಇರಲಿ. ನಾಟಕ ಮೊದಲು, ಪೂರ್ತಿ. ಭಾಷಣ ಆಮೇಲೆ, ಸಮಯ ಉಳಿದ್ರೆ. ಕುರ್ಚಿಯಲ್ಲಿ ಕೂತವರು ಎಂತ ಮಾಡ್ಬೇಕು ಅಂತ ನಾನು ಹೇಳ್ತೇನೆ."

ಕುರ್ಚಿ ಉಳಿಯಿತಲ್ಲ ಎಂಬ ಸಮಾಧಾನಕ್ಕೆ ಹೋಟೆಲಣ್ಣ ಒಪ್ಪಿಕೊಂಡರು. ಮೈಸೂರು ಮಿತ್ರ ಮಾತ್ರ "ಇದು ಶರಣಾಗತಿ, ನಾನು ಹೊರಟೆ" ಎಂದು ಎದ್ದು ಬಾಗಿಲು ದಾಟಿದರು. ಹೊರಗೆ ಆಗಸ್ಟ್ ತಿಂಗಳ ಬಿಸಿಲು, ಅವರು ಬಂದದ್ದು ನನ್ನ ಕಾರಿನಲ್ಲಿ. ಸ್ವಲ್ಪ ಹೊತ್ತಿಗೆ ಫೋನು ಬಂತು: "ಸಾರ್, ಕಾರಿನ ಕೀ ಕೊಟ್ಟು ಕಳಿಸ್ತೀರಾ? ಎಸಿ ಹಾಕ್ಕೊಂಡು ಪ್ರತಿಭಟನೆ ಮುಂದುವರಿಸ್ತೀನಿ."

ಮೂಗು ಮುಚ್ಚಿಕೊಂಡು

ಮೊದಲ ಸುತ್ತಿನಲ್ಲಿ ಬಳಗದ ವಾಟ್ಸಾಪಿನಲ್ಲಿ 'ಕುರ್ಚಿಯವರಿಗೆ ಮತ ಬೇಡ' ಎಂದು ದಿನಾ ಬೆಳಿಗ್ಗೆ ಬರೆದವನು ನಾನೇ. ಈಗ ಅದೇ ಬೆರಳಿನಿಂದ 'ಹೋಟೆಲಣ್ಣನನ್ನು ಗೆಲ್ಲಿಸಿ' ಎಂದು ಬರೆಯಬೇಕು. ಹೆಂಡತಿ ಪಕ್ಕದಲ್ಲಿ ಕೂತು ನಗುತ್ತಿದ್ದಳು. ಕಣ್ಣುಮುಚ್ಚಿ ಕಳುಹಿಸಿದೆ. ಮೊದಲ ಉತ್ತರ ಬಂತು: "ನಿಮ್ಮ ಫೋನ್ ಯಾರೋ ಹ್ಯಾಕ್ ಮಾಡಿದ್ದಾರೆ. ತಕ್ಷಣ ಪಾಸ್‌ವರ್ಡ್ ಬದಲಿಸಿ."

ಮೈಸೂರು ಮಿತ್ರ ಮತದ ದಿನ ಬರುವುದಿಲ್ಲವೆಂದೇ ತಿಳಿದಿದ್ದೆವು. ಆದರೆ ಬಂದರು. ಹಾಲ್‌ನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಮೂಗು ಮುಚ್ಚಿಕೊಂಡು ಓಟು ಹಾಕ್ತಿದ್ದೀನಿ, ಎಲ್ಲರೂ ಗುರುತಿಟ್ಕೊಳ್ಳಿ" ಎಂದು ಸಾರಿ ಒಳಗೆ ಹೋದರು. ಹೋಟೆಲಣ್ಣ ಕೂದಲೆಳೆಯ ಅಂತರದಲ್ಲಿ ಗೆದ್ದರು. ವಿಲ್ಲಾ ತರುಣ ಸೋತರೂ ಬೇಸರಿಸದೆ ಎಲ್ಲರಿಗೂ ತನ್ನ ಕಾರ್ಡು ಹಂಚಿ ಹೋದ.

ಸಂಜೆ ಮೈಸೂರು ಮಿತ್ರರ ಮನೆಗೆ ಹೋಟೆಲಿನಿಂದ ಒಂದು ಸ್ಟೀಲ್ ಡಬ್ಬಿ ಬಂತು. ಜೊತೆಗೆ ಹೋಟೆಲಣ್ಣನ ಫೋನು: "ಮೂಗು ಕಟ್ಟಿದೆ ಅಂತ ಯಾರೋ ಹೇಳಿದ್ರು. ಕಾಳುಮೆಣಸಿನ ಸಾರು ಕಳಿಸಿದ್ದೇನೆ, ಬಿಸಿ ಇರುವಾಗಲೇ ಕುಡೀರಿ."

ರಾಣಿಯ ಆಸ್ಥಾನ

ವಾರ್ಷಿಕೋತ್ಸವದ ದಿನ ಪರದೆ ಸರಿದಾಗ ನಾವು ಸುಧಾರಕರೆಲ್ಲ ಎದೆ ಹಿಡಿದುಕೊಂಡೆವು. ಅಷ್ಟೂ ಕುರ್ಚಿಗಳು ವೇದಿಕೆಯ ಮೇಲಿದ್ದವು. ಆದರೆ ಗೋಡೆಗೆ ತಾಗಿ ಅರ್ಧಚಂದ್ರದ ಹಾಗೆ, ಮುಂದೆಲ್ಲ ಮಕ್ಕಳಿಗೆ ಜಾಗ. ಪೇಟ ಶಾಲುಗಳಲ್ಲಿ ಗಂಭೀರವಾಗಿ ಕೂತ ಹಿರಿಯರೇ ರಾಣಿಯ ಆಸ್ಥಾನ. ನರ್ಸ್ ಬಾಯಿ ಅವರಿಗೆ ಹೇಳಿದ್ದಿಷ್ಟೇ: "ನೀವು ಮಂತ್ರಿಗಳು. ಏಳಬಾರದು, ಮಾತಾಡಬಾರದು, ರಾಣಿ ಬಂದಾಗ ತಲೆ ಬಗ್ಗಿಸಬೇಕು." ಇಡೀ ನಾಟಕ ಮುಗಿಯುವವರೆಗೆ ವೇದಿಕೆಯ ಮೇಲೆ ಇರಬಹುದೆಂದು ಹಿರಿಯರಿಗೂ ಖುಷಿ.

ಆ ಹುಡುಗಿಯೇ ಈ ಸಲವೂ ರಾಣಿ. ಎಲ್ಲ ಚೆನ್ನಾಗಿ ಸಾಗಿತು. ನಡುವೆ ರೈತನ ಪಾತ್ರದ ಮಗು ಮಾತು ಮರೆತು ನಿಂತಿತು. ಎದುರಿಗೆ ಜನ, ಕೈಯಳತೆಯಲ್ಲಿ ಮೈಕು, ಮೇಲಾಗಿ ಮೌನ. ಹೋಟೆಲಣ್ಣನ ಕೈಯಲ್ಲಿ ತಡೆಯಲಾಗಲಿಲ್ಲ. ಎದ್ದು ನಿಂತರು.

"ಎಲ್ಲರಿಗೂ ನಮಸ್ಕಾರ. ಈ ಶುಭ ಸಂದರ್ಭದಲ್ಲಿ ಎರಡು ಮಾತು..."

ವೇದಿಕೆಯ ಪಕ್ಕದಲ್ಲಿ ನರ್ಸ್ ಬಾಯಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮೈಸೂರು ಮಿತ್ರ ನನ್ನ ತೋಳು ಹಿಡಿದು, "ಹೇಳಿರಲಿಲ್ವಾ?" ಎಂದರು. ಸ್ವಿಚ್ಚಿನ ಬಳಿ ನಿಂತಿದ್ದ ವಾಚ್‌ಮನ್ ಗಡಿಯಾರ ನೋಡಿಕೊಂಡ. ನನಗೆ ಹಿಂದಿನ ವರ್ಷದ ಕತ್ತಲೆ ನೆನಪಾಯಿತು.

ರಾಣಿ ತಿರುಗಿದಳು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅದು. ಹೋಟೆಲಣ್ಣನನ್ನು ಮೇಲಿಂದ ಕೆಳಗೆ ನೋಡಿ, ಕೈ ಎತ್ತಿ, ಸ್ಪಷ್ಟ ಕನ್ನಡದಲ್ಲಿ ಹೇಳಿದಳು: "ಮಂತ್ರಿಗಳೇ, ಖಲಾಸ್. ಕೂತುಕೊಳ್ಳಿ."

ಇಷ್ಟು ವರ್ಷದಲ್ಲಿ ಅವರನ್ನು ಕೂರಿಸಲು ಯಾರಿಂದಲೂ ಆಗಿರಲಿಲ್ಲ. ಹೋಟೆಲಣ್ಣ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಕೈಮುಗಿದು, ಪೇಟ ಬೀಳದಂತೆ ಹಿಡಿದು ತಲೆ ಬಗ್ಗಿಸಿ, "ಅಪ್ಪಣೆ, ಮಹಾರಾಣಿ" ಎಂದು ಕೂತರು. ಚಪ್ಪಾಳೆ ನಿಲ್ಲುವಷ್ಟರಲ್ಲಿ ರೈತನಿಗೂ ಮಾತು ನೆನಪಾಯಿತು. ನಾಟಕ ಕೊನೆಯ ಸಾಲಿನವರೆಗೂ ದೀಪದ ಬೆಳಕಿನಲ್ಲೇ ನಡೆಯಿತು. ನಾನು ಕಣ್ಣೊರೆಸಿಕೊಂಡು ಪಕ್ಕಕ್ಕೆ ನೋಡಿದರೆ ಮೈಸೂರು ಮಿತ್ರರೂ ಒರೆಸಿಕೊಳ್ಳುತ್ತಿದ್ದರು, ಸಾರಿನ ಖಾರ ಇನ್ನೂ ಇದೆ ಎಂದರು.

ಊಟದ ಹೊತ್ತಿಗೆ ಹೋಟೆಲಣ್ಣ ಪೇಟವನ್ನೂ ತೆಗೆಯದೆ ನರ್ಸ್ ಬಾಯಿಯ ಹತ್ತಿರ ಬಂದರು. "ಬಾಯಿ, ಭಾಷಣ ಬೇಡ. ಮುಂದಿನ ವರ್ಷವೂ ನನ್ನನ್ನು ಮಂತ್ರಿ ಮಾಡಿ. ಎರಡು ಮಾತು ಇರುವ ಪಾತ್ರ ಆದ್ರೆ ಸಾಕು."

"ನನ್ನನ್ನು ಕೇಳಿ ಎಂತ ಪ್ರಯೋಜನ? ರಾಣಿಯನ್ನು ಕೇಳಿ," ಎಂದರು ನರ್ಸ್ ಬಾಯಿ.

ರಾಣಿ ಜಿಲೇಬಿ ತಿನ್ನುತ್ತಿದ್ದಳು. ಹೋಟೆಲಣ್ಣ ಬಗ್ಗಿ ಕೇಳಿದರು. ಅವಳು ಬೆರಳು ನೆಕ್ಕಿಕೊಂಡು ಯೋಚಿಸಿ, "ಓಕೆ ಅಂಕಲ್. ಬಟ್ ಒಂದೇ ಮಾತು," ಎಂದಳು.

ಅವರು ಚೌಕಾಸಿ ಮಾಡದೆ ಒಪ್ಪಿಕೊಂಡರು ಎಂದರೆ ಕರಾಮದಲ್ಲಿ ಇನ್ನೂ ಯಾರೂ ನಂಬುತ್ತಿಲ್ಲ.