ಕಣ್ಣ ತೆರೀವಲ್ದ್ರಿ!

ಕೆಲಸ ಏನೆಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಟೀಚರು, ನರ್ಸು, ಉಗಾರದ ಸಕ್ಕರೆ ಫ್ಯಾಕ್ಟರಿಯಲ್ಲಿ ಕ್ಲಾರ್ಕು ಎಂದರೆ ಸಾಕು, ಕೇಳಿದವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ, ಅಂದರೆ ಮದುವೆಯ ಪ್ರಶ್ನೆಗೆ, ಹೋಗುತ್ತಾರೆ. ನನ್ನ ಕೆಲಸವನ್ನು ವಿವರಿಸುವಷ್ಟರಲ್ಲಿ ಅವರಿಗೆ ಆ ಪ್ರಶ್ನೆಯೂ ಮರೆತುಹೋಗಿರುತ್ತದೆ; ಅದೊಂದು ಲಾಭ. ಕಂಪ್ಯೂಟರಿನಂಥ ಯಂತ್ರಗಳ ಹೊಟ್ಟೆಯಲ್ಲಿ ಹಸಿರು ಹಲಗೆಯ ಮೇಲೆ ಕೂದಲಿನಷ್ಟು ಸಣ್ಣ ತಾಮ್ರದ ಗೆರೆಗಳಿರುತ್ತವೆ. ಅವುಗಳಲ್ಲಿ ಸಿಗ್ನಲ್ಲುಗಳು ಭಾರಿ ವೇಗದಲ್ಲಿ ಓಡುತ್ತವೆ. ಓಡುವ ಭರದಲ್ಲಿ ದಾರಿಯಲ್ಲೇ ಸವೆಯುತ್ತವೆ, ಎದುರು ಸಿಕ್ಕಿದ್ದಕ್ಕೆ ಬಡಿದು ವಾಪಸು ಬರುತ್ತವೆ, ಪಕ್ಕದ ಗೆರೆಯ ಮಾತಿಗೆ ಕಿವಿಗೊಡುತ್ತವೆ. ಹಲಗೆ ತಯಾರಾಗುವ ಮೊದಲೇ ಪ್ರತಿಯೊಂದು ಗೆರೆಗೂ ತೂತಿಗೂ ಗಣಿತದ ಮಾದರಿ ಕಟ್ಟಿ, ಸಿಗ್ನಲ್ಲು ಆ ತುದಿಗೆ ನೆಟ್ಟಗೆ ಮುಟ್ಟುತ್ತದೆಯೇ ಎಂದು ಕಂಪ್ಯೂಟರಿನಲ್ಲೇ ನೋಡಿಕೊಳ್ಳುವುದು ನಾನು ಕಲಿಯುತ್ತಿದ್ದ ವಿದ್ಯೆ.

ಕಲಿಕೆ ನಡೆದದ್ದು ಅಲಖನೂರಿನ ನಮ್ಮ ಮನೆಯಲ್ಲಿ. ಕಲಿಸುವವರು ಬೆಳಗಾವಿಯ ಕಚೇರಿಯಲ್ಲಿದ್ದ ಸುಜಾತಾ ಮೇಡಂ. ಅಥಣಿಯವರು, ಫೋನಿನಲ್ಲಿ ಕನ್ನಡದಲ್ಲೇ ಮಾತಾಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಸಿಗ್ನಲ್ಲಿನ ಆರೋಗ್ಯದ ಬಗ್ಗೆ ಓದುತ್ತಿದ್ದ ನನ್ನ ಕೋಣೆಯಲ್ಲಿ ಫೋನಿನ ಸಿಗ್ನಲ್ಲೇ ಬರುತ್ತಿರಲಿಲ್ಲ. ಹಾಗಾಗಿ ಮಾಳಿಗೆ ಹತ್ತಿ, ನೀರಿನ ಟಾಕಿಯ ಪಕ್ಕ ನಿಂತು ಕೂಗಬೇಕಿತ್ತು. ನಾಲ್ಕು ಜನರ ನಡುವೆ ಕುಡಿಯಲು ನೀರು ಕೇಳುವುದಕ್ಕೂ ಸಂಕೋಚಪಡುವ ನಾನು ನನ್ನ ಕಚೇರಿಯ ಸಂಗತಿಗಳನ್ನೆಲ್ಲ ದಿನವೂ ಓಣಿಗೆ ಒಪ್ಪಿಸುತ್ತಿದ್ದೆ.

ಈ ವಿದ್ಯೆಯಲ್ಲಿ ಒಂದು ಚಿತ್ರ ಬರುತ್ತದೆ. ಗೆರೆಯ ತುದಿ ಮುಟ್ಟಿದ ಸಿಗ್ನಲ್ಲುಗಳನ್ನೆಲ್ಲ ಒಂದರ ಮೇಲೊಂದು ಹಾಸಿದರೆ ನಡುವೆ ಕಣ್ಣಿನ ಆಕಾರದ ಜಾಗ ಉಳಿಯುತ್ತದೆ. ಕಣ್ಣು ತೆರೆದಿದ್ದರೆ ಕ್ಷೇಮ, ಮುಚ್ಚಿದ್ದರೆ ಕೆಲಸ ಕೆಟ್ಟಿತು. ಒಂದು ಹಲಗೆಯನ್ನು ಇನ್ನೊಂದಕ್ಕೆ ಜೋಡಿಸುವ ಕನೆಕ್ಟರ್ ತಯಾರಿಸುವ ಕಂಪನಿಯವರು ಕೊಟ್ಟ ಮಾದರಿಯ ಫೈಲನ್ನು ನಾನು ಗೆರೆಯ ನಡುವೆ ಸೇರಿಸಿದ್ದೇ ತಡ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು. ಮಾಳಿಗೆಗೆ ಓಡಿ ಕೂಗಿದೆ: "ಕಣ್ಣ ತೆರೀವಲ್ದ್ರಿ! ಪೂರಾ ಮುಚ್ಚೇತಿ! ಅವ್ರು ಕೊಟ್ಟಿದ್ದ ಕೆಟ್ಟೈತಿ ಅನಸ್ತೈತ್ರಿ!"

ನಮ್ಮ ಕಡೆ ಕಣ್ಣು ಎಂದರೆ ಮೊದಲು ನೆನಪಾಗುವುದು ಕಬ್ಬಿನ ಕಣ್ಣು, ಗೆಣ್ಣಿನಲ್ಲಿ ಕೂತಿರುವ ಮೊಳಕೆ. ಅದು ತೆರೆದರೆ ಬೆಳೆ, ಇಲ್ಲದಿದ್ದರೆ ಬರೀ ಮಣ್ಣು. ಅಪ್ಪ ಆಗಷ್ಟೇ ಪಕ್ಕದ ಮನೆಯ ಅಣ್ಣಾಸಾಹೇಬ ಕಾಕಾನ ಹೊಲದಿಂದ ಬೀಜದ ಕಬ್ಬು ತಂದು ನಮ್ಮ ಹೊಲದಲ್ಲಿ ಹಚ್ಚಿದ್ದರು. ನಾನು ಕೂಗಿದಾಗ ಕಾಕಾನ ಹೆಂಡತಿ ಕಾಕು ತಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು.

ಸಂಜೆಯೊಳಗೆ ಕಾಕಾನ ಬೀಜ ಕೆಟ್ಟಿದೆಯೆಂಬ ಸುದ್ದಿ ಓಣಿ ದಾಟಿ ಕುಡಚಿ ಮುಟ್ಟಿತ್ತು. ಕಾಕಾನ ಬೀಜ ಒಯ್ಯಬೇಕಿದ್ದ ಅಲ್ಲಿಯ ಮೆಹಬೂಬ ಚಾಚಾ ಟ್ರ್ಯಾಕ್ಟರ್ ಕಳಿಸಲಿಲ್ಲ, "ಆಮ್ಯಾಲ ನೋಡೂಣು" ಎಂದರು. ಅವರಿಗಾಗಿ ಕಡಿದಿಟ್ಟ ಬೀಜವೆಲ್ಲ ಹೊಲದಲ್ಲಿ ಬಿದ್ದಿತ್ತು. ಇನ್ನೊಂದೆರಡು ದಿನ ಬಿಸಿಲು ಬಿದ್ದರೆ ಅದು ಒಣಗಿ, ಕಣ್ಣುಗಳು ನಿಜಕ್ಕೂ ತೆರೆಯುವುದಿಲ್ಲ. ಅಂದರೆ ನನ್ನ ಸುಳ್ಳು ಸುದ್ದಿ ತನ್ನಷ್ಟಕ್ಕೆ ತಾನೇ ನಿಜವಾಗಲಿತ್ತು. ಕಾಕಾ ಊರಿಗೆಲ್ಲ ಬೀಜ ಕೊಟ್ಟು ಗಳಿಸಿದ ಹೆಸರೂ ಅದರ ಜೊತೆಗೇ ಒಣಗಲಿತ್ತು.

ಕಾಕಾ ಅಂಗಳಕ್ಕೆ ಬಂದರು. "ಏನವ್ವಾ ಎಂಜಿನಿಯರಬಾಯಿ, ನಿಮ್ಮಪ್ಪ ಹಚ್ಚಿ ಇನ್ನೂ ವಾರಾ ಆಗಿಲ್ಲ. ಮಣ್ಣಾಗಿನ ಕಣ್ಣ ಮಾಳಿಗಿ ಮ್ಯಾಲಿಂದ ಕಂಡೂವು?"

ಸಿಗ್ನಲ್ಲು ಎಂಬ ಇಂಗ್ಲಿಷ್ ಶಬ್ದ ಬಳಸಿದರೆ ಇನ್ನೂ ಗೊಂದಲವಾದೀತೆಂದು ನಾನು ಶುದ್ಧ ಕನ್ನಡಕ್ಕೆ ಮೊರೆಹೋದೆ. "ಅದು ಕಬ್ಬಿನ ಕಣ್ಣಲ್ರಿ ಕಾಕಾ. ಸಂಕೇತದ ಕಣ್ಣ."

"ಯಾಂವ ಸಂಕೇತ?" ಕಾಕಾನ ದನಿ ಇಳಿಯಿತು. "ಯಾವ ಊರಾಂವ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಮ್ಮ ಓಣಿಯಲ್ಲೇ ಇಬ್ಬರು ಸಂಕೇತರಿದ್ದಾರೆಂಬುದು ನನಗೆ ಆಗ ಹೊಳೆಯಿತು. ಅವ್ವನಿಗೆ ಅದನ್ನು ಬಿಡಿಸಿ ಹೇಳುವುದರಲ್ಲೇ ಕತ್ತಲಾಯಿತು.

ಮರುದಿನ ಬೆಳಿಗ್ಗೆ ಅಪ್ಪನ ಫೋನಿಗೆ ಓಗೊಟ್ಟು ಚಾಚಾ ಟ್ರ್ಯಾಕ್ಟರ್ ಸಮೇತ ಬಂದರು. ಬೀಜ ತುಂಬುವುದೋ ಬಿಡುವುದೋ ನನ್ನ ಬಾಯಿಂದಲೇ ಕೇಳಿ ತೀರ್ಮಾನಿಸುವುದಾಗಿ ಹೇಳಿದರು. ಲ್ಯಾಪ್‌ಟಾಪನ್ನು ಅಂಗಳಕ್ಕೆ ತಂದಿಟ್ಟೆ. ಚಾಚಾ ಚಸ್ಮಾ ಏರಿಸಿ ನೋಡಿದರು.

"ಇದು ಕಣ್ಣಲ್ಲ ಬೇಟಿ, ಬೆಕ್ಕ ಆಡಿದ ನೂಲಿನ ಉಂಡಿ."

"ನೋಡ್ರಿ ಮತ್ತ!" ಎಂದರು ಕಾಕಾ. "ಇಂಥಾ ದರಿದ್ರ ಕಣ್ಣ ನನ್ನ ಹೊಲದಾಗ ಹುಟ್ಟತೈತೇನ್ರಿ?"

"ಇದರಾಗ ಏನೂ ಹಚ್ಚೇ ಇಲ್ರಿ," ಎಂದೆ ನಾನು. "ಹಚ್ಚಿದ್ರ ಹೆಂಗ ಆಕ್ಕೈತಿ ಅಂತ ಮೊದಲ ನೋಡೂದು."

"ಹಚ್ಚದನ ಕೆಟ್ಟೈತಿ ಅಂತ ಹೇಳ್ತಿ?"

"ಹೌದ್ರಿ ಚಾಚಾ."

"ಅದಕ್ಕ ಪಗಾರ ಕೊಡ್ತಾರ?"

"ಕೊಡ್ತಾರ್ರಿ."

ಚಾಚಾ ನಕ್ಕರು. ನನ್ನನ್ನಲ್ಲ, ಪಗಾರ ಕೊಡುವವರನ್ನು ನೆನೆದು ನಕ್ಕಂತಿತ್ತು. "ಅಣ್ಣಾಸಾಹೇಬ, ಗಾಡಿ ತುಂಬಸ್ರಿ. ಈ ಹುಡಗಿಗಿ ನಿಮ್ಮ ಕಬ್ಬಿನ ಸುದ್ದೀನ ಗೊತ್ತಿಲ್ಲ." ನನ್ನ ವಿದ್ಯೆಗೆ ಸಿಕ್ಕ ಈ ಪ್ರಮಾಣಪತ್ರದ ಮೇಲೆ ಬೀಜ ಹಸಿ ಇರುವಾಗಲೇ ಕುಡಚಿಗೆ ಹೋಯಿತು.

ಮಧ್ಯಾಹ್ನ ಫೈಲನ್ನು ಮತ್ತೆ ತೆರೆದು ಕೂತೆ. ಕಂಪನಿಯವರು ಕನೆಕ್ಟರಿನೊಳಗಿನ ತಂತಿಗಳ ತುದಿಗಳಿಗೆ ಕೊಟ್ಟ ಅಂಕಿಗಳೇ ಬೇರೆ, ನಾನು ಊಹಿಸಿಕೊಂಡ ಅಂಕಿಗಳೇ ಬೇರೆ. ಒಂದು ತಂತಿಯಲ್ಲಿ ಸಿಗ್ನಲ್ಲು ಬಿಟ್ಟು, ಅದರ ಪಕ್ಕದ ತಂತಿಯ ತುದಿಯಲ್ಲಿ ಕಾಯುತ್ತ ಕೂತಿದ್ದೆ. ಜೋಡಣೆ ಬದಲಿಸಿದೆ. ಕಣ್ಣು ಬಾದಾಮಿಯಂತೆ ತೆರೆದುಕೊಂಡಿತು. ಖುಷಿಯ ಹಿಂದೆಯೇ, ಕಂಪನಿಯ ಮೇಲೆ ಹೊರಿಸಿದ ದೂರನ್ನು ಇನ್ನು ಹಿಂತೆಗೆದುಕೊಳ್ಳಬೇಕೆಂಬ ನಾಚಿಕೆಯೂ ಬಂತು.

ಮಾಳಿಗೆ ಹತ್ತಿ ಫೋನ್ ಹಚ್ಚಿದೆ. ಮೆಲ್ಲನೆ ಹೇಳಿದೆ, ಮೇಡಂ ಹಲೋ ಹಲೋ ಎಂದರು. ಉಪಾಯವಿಲ್ಲದೆ ಕೂಗಿದೆ: "ತಪ್ಪ ನಂದರಿ! ಅವ್ರು ಕೊಟ್ಟಿದ್ದ ಚೊಲೋನ ಐತಿ! ನಾನ ಉಲ್ಟಾ ತಿಳ್ಕೊಂಡಿದ್ದೆ!"

"ಹೋಗ್ಲಿ ಬಿಡವ್ವಾ," ಪಕ್ಕದ ಮಾಳಿಗೆಯಿಂದ ಕಾಕುವಿನ ದನಿ ಬಂತು. "ಇಷ್ಟ ಅಂದಿ, ಸಾಕ. ನಿಮ್ಮ ಕಾಕಾಗೂ ಹೇಳ್ತೇನಿ. ಪಾಪ, ರಾತ್ರಿ ಉಂಡಿದ್ದಿಲ್ಲ."

ಎಲ್ಲರಿಗೂ ಇಷ್ಟೊಂದು ವಿವರಣೆ ಕೊಟ್ಟವಳು ಯಾರಲ್ಲೂ ಕ್ಷಮೆ ಕೇಳಿರಲಿಲ್ಲವೆಂಬುದು ಆಗ ತಿಳಿಯಿತು. ನಾನಂದದ್ದು ಕನೆಕ್ಟರಿನ ವಿಷಯ ಎಂದು ತಿದ್ದಲು ಬಾಯಿ ತೆರೆದೆ. ಕಾಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ಫೋನಿನಲ್ಲಿ ಮೇಡಂ ಇನ್ನೂ ಹಲೋ ಹಲೋ ಎನ್ನುತ್ತಿದ್ದರು. ಅವರಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.