ಕೋಳಿ ತಿಂದ ನಕ್ಷತ್ರಗಳು

ಮಡ್ಕಯಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದ ಶಂಕರಲಿಂಗನಿಗೆ ಲೋಕದ ಮೇಲೆ ಇದ್ದದ್ದು ಒಂದೇ ತಕರಾರು. ಇಷ್ಟು ದೊಡ್ಡ ಆಕಾಶವನ್ನು ಪುಕ್ಕಟೆಯಾಗಿ ತಲೆಯ ಮೇಲೆ ಹಾಸಿಟ್ಟಿದ್ದರೂ ಅವನ ಮನೆಯಲ್ಲಿ ಯಾರೂ ಕತ್ತೆತ್ತಿ ನೋಡುತ್ತಿರಲಿಲ್ಲ.

ಅವನು ಮಾತ್ರ ದಿನಾ ನೋಡುತ್ತಿದ್ದ. ಅದೂ ಕತ್ತು ಬಗ್ಗಿಸಿ, ಮೊಬೈಲಿನಲ್ಲಿ. ಖಗೋಳದವರು ದಿನಕ್ಕೊಂದು ಚಿತ್ರ ಹಾಕುವ ತಾಣವೊಂದು ಅವನಿಗೆ ಸಿಕ್ಕಿತ್ತು. ಒಂದು ದಿನ ಗುಲಾಲು ತೂರಿದಂಥ ನೀಹಾರಿಕೆ. (ನೀಹಾರಿಕೆ ಎಂದರೆ ನಕ್ಷತ್ರಗಳ ನಡುವೆ ಹರಡಿದ ಧೂಳು, ಅನಿಲಗಳ ಮೋಡ. ಕೇಳಿದವರಿಗೂ ಕೇಳದವರಿಗೂ ಅವನು ಇದನ್ನು ಹೇಳುತ್ತಿದ್ದ, ಆದ್ದರಿಂದ ನಿಮಗೂ ಹೇಳಿದ್ದಾಯಿತು.) ಮರುದಿನ ಗುರುಗ್ರಹ, ಮೈತುಂಬ ಅವ್ವನ ಇಳಕಲ್ ಸೀರೆಯ ದಡಿಯಂಥ ಪಟ್ಟೆ. ಅದರ ಮರುದಿನ ಮಂಗಳನ ಮರಳು ದಿಬ್ಬ. ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ಅವನು. ತನಗೆ ಗೊತ್ತಾದದ್ದನ್ನು ಇನ್ನೊಬ್ಬರಿಗೆ ತಿಳಿಸದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

"ನೀಲಾ, ಇಲ್ಲಿ ನೋಡ. ಈ ಬೆಳಕು ಅಲ್ಲಿಂದ ಹೊಂಟು ಸಾವಿರಾರು ವರ್ಷ ಆಗೇತಿ. ಇವತ್ತ ಬಂದು ಮುಟ್ಟೇತಿ."

"ನಿಮ್ಮ ಕಂಪನಿ ಬಸ್ಸು ಏಳಕ್ಕ ಬರ್ತೈತ್ರಿ," ಎಂದು ಹೆಂಡತಿ ನೀಲಾ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು. "ಅದು ಸಾವಿರ ವರ್ಷ ಕಾಯಂಗಿಲ್ಲ."

ತಾಯಿ ಸುಂದರವ್ವನಿಗೆ ಕಣ್ಣು ಮಂಜು. ತಂಗಿ ಜಯಶ್ರೀಗೆ ಮಡಗಾಂವಿನ ಔಷಧದಂಗಡಿಯ ಕೆಲಸಕ್ಕೆ ಓಡುವ ಗಡಿಬಿಡಿ. ಹೀಗೆ ಬ್ರಹ್ಮಾಂಡವು ಫಾತೋರ್ಡಾದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ದಿನಾ ಬೆಳಿಗ್ಗೆ ಅವಮಾನಿತವಾಗಿ ಮರಳುತ್ತಿತ್ತು.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ನೀಲಾ ದಿನಾ ಬಾಗಿಲ ಮುಂದೆ ರಂಗೋಲಿ ಹಾಕುತ್ತಾಳಲ್ಲ, ಅದೇ ಕಮಲ, ಅದೇ ನವಿಲು ಯಾಕೆ? ಆಕಾಶವನ್ನೇ ಇಳಿಸಿದರೆ?

ನೀಲಾ ಮೊದಲು ಗೊಣಗಿದಳು, ಆಮೇಲೆ ಸುರುಳಿ ಗೆಲಾಕ್ಸಿಯೊಂದನ್ನು ಒಂದೇ ಎಳೆಯಲ್ಲಿ ತಿರುವಿ ಬಿಟ್ಟಳು. ಪಕ್ಕದ ಮನೆಯ ಖಾತುನಬಿ ನೀರಿನ ಕೊಡ ಹೊತ್ತವಳು ನಿಂತು ನೋಡಿದಳು. ಶನಿಗ್ರಹದ ದಿನ ಮಾತ್ರ ಗದ್ದಲವಾಯಿತು.

"ಶನಿನ್ನ ಕರದು ಬಾಗಿಲ ಮುಂದ ಕುಂದರಸ್ತೀಯೇನೋ ಶಂಕ್ರಾ? ತಂಗಿ ಮದವಿ ಆಗೂದು ಬ್ಯಾಡೇನ ನಿನಗ?" ಎಂದು ಸುಂದರವ್ವ ಸೆರಗು ಬಿಗಿದಳು. ಕೂಡಲೇ ಗ್ರಹದ ಸುತ್ತಲಿನ ಬಳೆಯನ್ನು ಅಳಿಸಿ, ಹೊಟ್ಟೆಗೆ ನಾಲ್ಕು ಪಟ್ಟೆ ಎಳೆದು ಶನಿಯನ್ನು ಗುರು ಮಾಡಲಾಯಿತು.

ಅವ್ವನ ಚಿಂತೆ ಸುಳ್ಳಲ್ಲ. ಜಯಶ್ರೀಗೆ ಬಂದ ಸಂಬಂಧಗಳು ಒಂದಿಲ್ಲೊಂದು ನೆಪದಲ್ಲಿ ಮುರಿದು ಬಿದ್ದಿದ್ದವು. ಈಗ ವಾಸ್ಕೋ ಬಂದರಿನಲ್ಲಿ ಕ್ರೇನ್ ನಡೆಸುವ ಲಾಲಪ್ಪ ಎಂಬ ಹುಡುಗನ ಕಡೆಯವರು ಭಾನುವಾರ ನೋಡಲು ಬರುವವರಿದ್ದರು. ಒಳ್ಳೆಯ ಮನೆತನ, ವಿಜಯಪುರದ ಕಡೆಯವರೇ. ಇಲ್ಲಿಯವರೆಗೆ ಮಾತೆಲ್ಲ ಫೋನಿನಲ್ಲೇ ಆಗಿತ್ತು, ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಇದೂ ತಪ್ಪಿದರೆ ತಾನು ಊರಿಗೆ ಮುಖ ತೋರಿಸುವುದಿಲ್ಲವೆಂದು ಸುಂದರವ್ವ ಸಾರಿಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಸುಂದರವ್ವ ಹೂವು ಹಣ್ಣು ತರಲು ಮಡಗಾಂವಿನ ಮಾರುಕಟ್ಟೆಗೆ ಹೋದಳು. ನೀಲಾ ಶಿರಾ, ಭಜಿಗಳ ಹೊಗೆಯಲ್ಲಿ ಮುಳುಗಿದ್ದಳು. ಶಂಕರಲಿಂಗ ಮೊಬೈಲ್ ತೆರೆದ. ಆ ದಿನದ ಚಿತ್ರವನ್ನು ಎರಡೆರಡು ಸಲ ನೋಡಿದ.

ಕಿಕ್ಕಿರಿದ ನಕ್ಷತ್ರಗಳ ನಟ್ಟನಡುವೆ ಒಂದು ಕಪ್ಪು ಮಚ್ಚೆ. ಆಕಾಶಕ್ಕೆ ತೂತು ಬಿದ್ದ ಹಾಗೆ. ಆದರೆ ಅದು ತೂತಲ್ಲ, ಕಪ್ಪು ನೀಹಾರಿಕೆ. ಹಿಂದಿನ ನಕ್ಷತ್ರಗಳ ಬೆಳಕನ್ನೆಲ್ಲ ತಡೆಯುವಷ್ಟು ದಟ್ಟವಾದ ಧೂಳು. ಬರಿದೆಂದು ಕಾಣುವುದೇ ಎಲ್ಲಕ್ಕಿಂತ ತುಂಬಿದ ಜಾಗ! ಇಂಥದ್ದನ್ನು ಬೀಗರಾಗುವವರಿಗೆ ತೋರಿಸದೆ ಇನ್ನಾರಿಗೆ ತೋರಿಸುವುದು?

"ಇವತ್ತ ರಂಗೋಲಿ ನಾ ಹಾಕ್ತೇನಿ," ಎಂದ.

"ಏನರೆ ಹಾಕ್ರಿ, ಒಳಗ ಮಾತ್ರ ಬರಬ್ಯಾಡ್ರಿ," ಎಂದಳು ನೀಲಾ ಉಳ್ಳಾಗಡ್ಡಿ ಹೆಚ್ಚುತ್ತ, ಕಣ್ಣೀರು ಸುರಿಸುತ್ತ.

ರಂಗೋಲಿ ಡಬ್ಬಿ ಸಿಗಲಿಲ್ಲ. ಕೇಳಿದರೆ ಬೈಗುಳ ಸಿಗುತ್ತಿತ್ತು. ಅದಕ್ಕೇ ಅವನು ಅಕ್ಕಿ ನುಚ್ಚನ್ನು ಎತ್ತಿಕೊಂಡ. ನಕ್ಷತ್ರಕ್ಕೆ ಇದೇ ಚೆಂದ, ಗುಂಡಗೆ ಕೂರುತ್ತದೆ. ನೆಲ ತೊಳೆದು, ನಡುವೆ ದೊಡ್ಡ ಜಾಗ ಬಿಟ್ಟು, ಸುತ್ತಲೂ ಒಂದೊಂದೇ ಕಾಳು ಜೋಡಿಸಿ, ಎದ್ದು ನಿಂತು ನೋಡಿ ತನಗೇ ಕೈಮುಗಿಯುವಷ್ಟು ಸಂತೋಷಪಟ್ಟು ಸ್ನಾನಕ್ಕೆ ಹೋದ.

ಅವನು ಮೈಗೆ ಸೋಪು ಹಚ್ಚುವ ಹೊತ್ತಿಗೆ ಮನೆ ಮಾಲಕರ ಕೋಳಿಗಳು ಬಂದವು. ಹೆಂಟೆಯೊಂದು ಪಡುವಣ ದಿಕ್ಕಿನಿಂದ, ಹುಂಜ ಮೂಡಣದಿಂದ. ಬ್ರಹ್ಮಾಂಡವನ್ನು ಹೆಕ್ಕಿ ತಿಂದು, ತೃಪ್ತಿಯಿಂದ ಕೊಕ್ಕು ಒರೆಸಿಕೊಂಡು ಹೋದವು. ಉಳಿದದ್ದು ತೊಳೆದ ಬರಿ ನೆಲ.

(ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಬಾಗಿಲು ತೊಳೆದು ರಂಗೋಲಿ ಹಾಕದೆ ಬಿಟ್ಟರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ.)

ಮೊದಲು ನೋಡಿದವಳು ಖಾತುನಬಿ. ಇಷ್ಟು ವರ್ಷ ನೆರೆಯಲ್ಲಿದ್ದು ಆಕೆಗೆ ಈ ರೂಢಿ ಚೆನ್ನಾಗಿ ಗೊತ್ತಿತ್ತು. ದಿನಾ ಹೊಸ್ತಿಲ ಬಳಿ ಕೂತು ಸೊಪ್ಪು ಸೋಸುವ ಸುಂದರವ್ವ ಇಲ್ಲ. ಬಾಗಿಲಲ್ಲಿ ರಂಗೋಲಿ ಇಲ್ಲ. ಇಣುಕಿದರೆ ನೀಲಾ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಖಾತುನಬಿ ಹಾಗೇ ಮರಳಿ ಹೋಗಿ, ಒಂದು ಕಿಟ್ಲಿ ಚಹಾ, ಒಂದು ಬುಟ್ಟಿ ರೊಟ್ಟಿ ತಂದು ಕಟ್ಟೆಯ ಮೇಲಿಟ್ಟಳು.

ಸ್ನಾನ ಮುಗಿಸಿ ಬಂದ ಶಂಕರಲಿಂಗನಿಗೆ ಹೃದಯ ತುಂಬಿ ಬಂತು. ಬೀಗರು ಬರುತ್ತಾರೆಂದು ಇಷ್ಟೊಂದು ಸಹಾಯ! "ಯಾಕ್ ತ್ರಾಸ ತಗೊಂಡ್ರಿ ಅಕ್ಕಾರ?"

"ಇಂಥಾ ಹೊತ್ತಿನ್ಯಾಗ ಮಂದಿ ಆಗದಿದ್ರ ಇನ್ನ ಯಾವಾಗ ಆಗೂದ ತಮ್ಮಾ? ಧೈರ್ಯ ತಗೋ," ಎಂದು ಖಾತುನಬಿ ಅವನ ಬೆನ್ನು ಸವರಿ ಹೋದಳು. ಸಂಬಂಧ ಕೂಡಿಸುವುದಕ್ಕೂ ಧೈರ್ಯ ಬೇಕು, ಹೌದು, ಎಂದುಕೊಂಡ ಅವನು.

ಅಷ್ಟರಲ್ಲಿ ಹುಡುಗನ ತಂದೆ ಚಂದಪ್ಪ, ಸೋದರತ್ತೆ ಕಾಳಿಬಾಯಿ, ಹಿಂದೆ ಇಸ್ತ್ರಿ ಅಂಗಿಯ ಲಾಲಪ್ಪ ಓಣಿಗೆ ಕಾಲಿಟ್ಟರು. ಖಾತುನಬಿ ಅವರಿಗೆ ಅಡ್ಡ ಬಂದು ಏನೋ ಪಿಸುಗುಟ್ಟಿದಳು. ಬಾಗಿಲಿಗೆ ಬರುವಾಗ ಮೂವರ ಮುಖವೂ ಇಳಿದಿತ್ತು. ಚಂದಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ.

"ಬರ್ರಿ ಬರ್ರಿ! ನೀರ ತಗೋರಿ, ಚಹಾ ತಗೋರಿ!"

"ಬ್ಯಾಡ್ರಿ. ಈಗ ನೀರ ಮುಟ್ಟೂದು ಚಲೋ ಅಲ್ಲ," ಎಂದು ಚಂದಪ್ಪ ಕೈಮುಗಿದ.

ಶಂಕರಲಿಂಗ ಹೆದರಿದ. ಹುಡುಗಿಯನ್ನು ನೋಡುವ ಮೊದಲೇ ನೀರು ಒಲ್ಲೆ ಎಂದರೆ ಸಂಬಂಧ ಮುಗಿದ ಹಾಗೇ. ಆದರೆ ಚಂದಪ್ಪನ ಕಣ್ಣು ಬಾಗಿಲ ಮುಂದಿನ ನೆಲದ ಮೇಲೆ ನೆಟ್ಟಿತ್ತು. "ಯಾವಾಗ ಆತ್ರಿ ಇದು?"

ಆಹಾ! ಒಬ್ಬ ಮನುಷ್ಯ ಕೊನೆಗೂ ಕೇಳಿದ! ನೆಲವನ್ನು ತಿರುಗಿ ನೋಡುವ ಪುರುಸೊತ್ತೂ ಇಲ್ಲದೆ ಶಂಕರಲಿಂಗ ಶುರುಮಾಡಿದ.

"ನನಗ ಗೊತ್ತಾಗಿದ್ದು ಇವತ್ತ ಮುಂಜಾನೆರಿ. ಖರೇ ಅಂದ್ರ ಆಗಿ ಭಾಳ ವರ್ಷ ಆಗೇತ್ರಿ. ದೂರ ನೋಡ್ರಿ, ಸುದ್ದಿ ಮುಟ್ಟೂದು ತಡಾ."

"ಭಾಳ ವರ್ಷ?" ಚಂದಪ್ಪ ಒಳಗೆ ಕಣ್ಣು ಹಾಯಿಸಿ ರುಮಾಲನ್ನು ಮೂಗಿಗೆ ಒತ್ತಿದ. "ಮತ್ತ... ಹಂಗs ಇಟ್ಟೀರಿ?"

"ಅದು ಹಂಗs ಇರತೈತ್ರಿ. ಒಳಗ ಭಯಂಕರ ಥಂಡಿ. ಬರ್ಫ ಏನೂ ಅಲ್ಲ ಅದರ ಮುಂದ."

ಲಾಲಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಕಾಳಿಬಾಯಿಗೆ ಇನ್ನು ತಡೆಯಲಾಗಲಿಲ್ಲ. ಸಾವಿನ ಮನೆಗೆ ಬಂದು ಅಳದೆ ನಿಂತರೆ ಹೆಣ್ಣುಮಕ್ಕಳಿಗೆ ಶೋಭೆಯೇ? ಕಟ್ಟೆಯ ಮೇಲೆ ಕುಸಿದು ಕುಳಿತು, ಸೆರಗು ಮುಖಕ್ಕೆ ಹಿಡಿದು ರಾಗ ಎತ್ತಿದಳು. "ಎಂಥಾ ಚಲೋ ಜೀವಿತ್ತ ನಮ್ಮವ್ವಾ... ಮಗಳ ಅಕ್ಷತಿ ನೋಡದs ಹ್ವಾದೆಲ್ಲ ನಮ್ಮವ್ವಾ..."

ಅದೇ ಹೊತ್ತಿಗೆ ಓಣಿಯ ತಿರುವಿನಲ್ಲಿ ಸುಂದರವ್ವ ಕಾಣಿಸಿಕೊಂಡಳು. ಒಂದು ಕೈಯಲ್ಲಿ ಬಾಳೆಹಣ್ಣಿನ ಚೀಲ, ಇನ್ನೊಂದರಲ್ಲಿ ಅಬ್ಬಲಿಗೆ ಮಾಲೆ. ತನ್ನ ಮನೆಯ ಕಟ್ಟೆಯ ಮೇಲೆ ಅಳು! ಚೀಲ ಜಾರಿ ಬಿತ್ತು. ಓಡಿ ಬಂದವಳೇ ಕಾಳಿಬಾಯಿಯನ್ನು ತಬ್ಬಿ ಕೂತು, ಯಾರು ಏನು ಎಂದು ಕೇಳದೆ ಅದೇ ರಾಗಕ್ಕೆ ದನಿ ಸೇರಿಸಿದಳು.

ಇಬ್ಬರೂ ಸ್ವಲ್ಪ ಹೊತ್ತು ಬಹಳ ಹೊಂದಿಕೊಂಡು ಅತ್ತರು. ಉಸಿರು ತೆಗೆದುಕೊಳ್ಳುವಾಗ ಸುಂದರವ್ವ ಮೆಲ್ಲಗೆ ಕೇಳಿದಳು.

"ಯಾರ ಹೋದ್ರವ್ವಾ?"

"ಈ ಮನಿ ಹಿರೇ ಹೆಣ್ಮಗಳು, ಸುಂದರವ್ವ. ನೀ ಯಾರವ್ವಾ?"

"ಆಕೀನs ನಾನು!"

ಕಾಳಿಬಾಯಿ ಕಟ್ಟೆಯಿಂದ ಇಳಿದದ್ದನ್ನು ಯಾರೂ ನೋಡಲಿಲ್ಲ, ಓಣಿಯಲ್ಲಿ ನಿಂತದ್ದನ್ನು ಮಾತ್ರ ನೋಡಿದರು. ನೀಲಾ ಸೌಟು ಹಿಡಿದು ಹೊರಬಂದಳು. ಖಾತುನಬಿ "ಯಾ ಅಲ್ಲಾ" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಎಲ್ಲರೂ ನೆಲ ನೋಡಿದರು, ಆಮೇಲೆ ಶಂಕರಲಿಂಗನನ್ನು ನೋಡಿದರು. ಅವನೂ ಆಗಲೇ ಮೊದಲ ಸಲ ನೆಲ ನೋಡಿದ.

"ನಕ್ಷತ್ರ ಇದ್ದೂವಲ್ಲ..." ಎಂದ. ಹುಂಜ ಗೋಡೆಯ ಮೇಲಿಂದ ಕೂಗಿತು.

"ಡಿಗ್ರಿ ಓದಿಸಿದ್ದು ಹಡದ ತಾಯಿನ್ನ ಬಾಗಲದಾಗs ಕಳಸಾಕೇನೋ?" ಎಂದು ಸುಂದರವ್ವ ಶುರುಮಾಡಿದಳು. ಆ ಭಾಷಣ ಇಲ್ಲಿ ಬರೆಯುವಂಥದ್ದಲ್ಲ. ಶಂಕರಲಿಂಗ ಮೊಬೈಲ್ ತೆಗೆದು ಚಂದಪ್ಪನ ಮುಂದೆ ಹಿಡಿದ. "ತಪ್ಪಾತ್ರಿ. ಇದನ್ನ ತೋರಸಬೇಕಂತ ಮಾಡಿದ್ನಿ."

ಚಂದಪ್ಪ ನೋಡಿದ. ಏನೂ ತಿಳಿಯದೆ ಮಗನಿಗೆ ಕೊಟ್ಟ. ಲಾಲಪ್ಪ ಚಿತ್ರವನ್ನು ಬೆರಳಿಂದ ಹಿಗ್ಗಿಸಿದ. ಇನ್ನಷ್ಟು ಹಿಗ್ಗಿಸಿದ. "ಈ ಕರೀದರ ಒಳಗ ಏನೈತ್ರಿ?"

ಶಂಕರಲಿಂಗ ಗಂಟಲು ಸರಿಮಾಡಿಕೊಂಡ. ಇಷ್ಟು ವರ್ಷ ಕಾದ ಪ್ರಶ್ನೆ! ಅವನು ಬಾಯಿ ತೆರೆಯುವ ಮೊದಲೇ ಬಾಗಿಲ ಸಂದಿಯಿಂದ ಜಯಶ್ರೀಯ ದನಿ ಬಂತು. "ಹೊಸಾ ಚುಕ್ಕಿ ಹುಟ್ಟಬಹುದ್ರಿ. ಧೂಳಿ ತನ್ನ ಭಾರಕ್ಕ ತಾನs ಕುಸದು ಬಿಸಿ ಆಗತೈತಿ. ಮುಂದ ಬೆಳಕ ಬರತೈತಿ."

"ನಿನಗ ಹೆಂಗ ಗೊತ್ತು?" ಎಂದ ಅಣ್ಣ ದಂಗಾಗಿ.

"ನೀ ಝಳಕಕ್ಕ ಹ್ವಾದಾಗ ದಿನಾ ನೋಡ್ತೀವಿ. ನಾನು, ನೀಲಾ ವೈನಿ ಇಬ್ಬರೂ. ನೀ ಹೇಳಾಕ ಕುಂತ್ರ ನಮಗ ಹೊತ್ತ ಆಗತೈತಿ ಅಂತ ಸುಮ್ನಿರ್ತೀವಿ."

"ಕ್ರೇನ್ ಮ್ಯಾಲ ಕುಂತಾಗ ಸಂಜಿ ಚುಕ್ಕಿ ಭಾಳ ಚಂದ ಕಾಣತಾವ್ರಿ," ಎಂದ ಲಾಲಪ್ಪ, ಬಾಗಿಲ ಸಂದಿಗೆ. ಬಾಗಿಲು ಇನ್ನಷ್ಟು ತೆರೆಯಿತು. ಚಂದಪ್ಪ ಕಟ್ಟೆಯ ಮೇಲೆ ಕೂತು ಖಾತುನಬಿಯ ಚಹಾವನ್ನು ಎರಡು ಸಲ ಕುಡಿದ.

ಹೋಗುವಾಗ ಅವನು ಹೇಳಿದ. "ಹುಡುಗಿ ನಮಗ ಒಪ್ಪಿಗಿ ಐತ್ರಿ. ವರದಕ್ಷಿಣಿ ಬ್ಯಾಡ. ಒಂದs ಕರಾರು. ಮದವಿ ದಿನ ಬಾಗಲದ ಮುಂದ ಹುಡುಗಿ ಅಣ್ಣನ್ನ ಬಿಡಬ್ಯಾಡ್ರಿ."

ಸೋಮವಾರ ಬೆಳಿಗ್ಗೆ ಶಂಕರಲಿಂಗ ತಲೆದಿಂಬಿನ ಕೆಳಗೆ ತಡಕಿದರೆ ಮೊಬೈಲ್ ಇಲ್ಲ. ಅದು ಕಟ್ಟೆಯ ಮೇಲೆ ಸುಂದರವ್ವನ ಕೈಯಲ್ಲಿತ್ತು. ಸುತ್ತ ನೀಲಾ, ಜಯಶ್ರೀ, ಖಾತುನಬಿ ಬಗ್ಗಿದ್ದರು. ಬಾಗಿಲಿಗೆ ತಕ್ಕ ಚಿತ್ರವೋ ಅಲ್ಲವೋ ಎಂದು ಇನ್ನು ಮೇಲೆ ಅವ್ವನೇ ಮೊದಲು ನೋಡಿ ಪಾಸು ಮಾಡುವುದೆಂದು ಅವನ ಬೆನ್ನ ಹಿಂದೆ ಠರಾವಾಗಿತ್ತು.

"ನನಗೂ ಸ್ವಲ್ಪ ತೋರಸ್ರಿ," ಎಂದ.

"ಕಸಾ ಹೊಡದು ಬಾ ಮೊದಲ," ಎಂದಳು ಸುಂದರವ್ವ ಕಣ್ಣು ಕಿರಿದು ಮಾಡಿ ಪರದೆಯನ್ನು ಹಿಗ್ಗಿಸುತ್ತ. ಅಷ್ಟರಲ್ಲಿ ಬಸ್ಸು ಬಂತು.

ಸಂಜೆ ಮರಳಿದಾಗ ಬಾಗಿಲ ಮುಂದೆ ಅರ್ಧ ಅಳಿಸಿದ ರಂಗೋಲಿ. ನಡುವೆ ಒಂದು ಗುಂಡು, ಸುತ್ತ ಎಸಳಿನಂತೆ ಏನೋ. ಅವನು ಕೂತು, ಎದ್ದು, ಸುತ್ತು ಹಾಕಿ ನೋಡಿದ. ತಿಳಿಯಲಿಲ್ಲ.

"ನೀಲಾ, ಇದೇನ ಇದು?"

"ನೀಹಾರಿಕಿ," ಎಂದಳು ನೀಲಾ ಒಳಗಿನಿಂದ. "ಕುಂದರ್ರಿ, ರೊಟ್ಟಿ ಬಡದು ಬಂದು ಹೇಳ್ತೇನಿ. ನೀಹಾರಿಕಿ ಅಂದ್ರ ಏನಂತ ಗೊತ್ತೈತಿಲ್ಲೋ ನಿಮಗ?"